ಒಂದಳತೆ ದೊಡ್ಡ ಬಂದೂಕು

ನಮ್ಮವ್ವ ಬೂಟು ಕೊಳ್ಳುವಾಗ ನಮ್ಮ ಕಾಲು ನೋಡುತ್ತಿರಲಿಲ್ಲ. ಬರುವ ವರ್ಷದ ಕಾಲು ನೋಡುತ್ತಿದ್ದಳು. ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅಂಗಡಿಯವನು ನನ್ನ ಹಿಮ್ಮಡಿ ಹಿಡಿದು ಅಳತೆ ಪಟ್ಟಿಯ ಮೇಲಿಟ್ಟು ನಂಬರು ಹೇಳಿದರೆ, ಅವ್ವ ಒಪ್ಪುತ್ತಿರಲಿಲ್ಲ.

“ಬೆಳಿಯೋ ಕಾಲು ಅದಾವ್ರೀ. ಇನ್ನೊಂದ್ ನಂಬರ್ ಮ್ಯಾಲಿಂದು ತೆಗೀರಿ.”

ಅವ್ವ ಖಾನಾವಳಿಯೊಂದರಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಒಮ್ಮೆ ಕೊಂಡದ್ದನ್ನು ಮತ್ತೆ ಕೊಳ್ಳುವ ಮಾತು ನಮ್ಮಲ್ಲಿರಲಿಲ್ಲ. ಮನೆಗೆ ಬಂದ ಮೇಲೆ ಹಳೆಯ ಪೇಪರನ್ನು ಮುದ್ದೆ ಮಾಡಿ ಬೂಟಿನ ತುದಿಗೆ ತುರುಕಿ, “ಈಗ ನಡಿ ನೋಡೂಣು” ಅನ್ನುತ್ತಿದ್ದಳು. ನಾನು ನಡೆಯುತ್ತಿದ್ದೆ. ಕಾಲು ಬೆಳೆದಂತೆ ಪೇಪರು ಹೊರಗೆ ಬರುತ್ತಿತ್ತು. ಎಲ್ಲ ಪೇಪರು ಹೊರಬಂದು ಬೂಟು ಸರಿಯಾಗುವ ಹೊತ್ತಿಗೆ ಅದರ ಅಟ್ಟೆ ಸವೆದಿರುತ್ತಿತ್ತು. ಸರಿಯಾದ ಅಳತೆಯ ಬೂಟು ಅಂದರೆ ಹರಿಯಲಿಕ್ಕೆ ಬಂದ ಬೂಟು ಅಂತಲೇ ನಾನು ಬಹಳ ವರ್ಷ ತಿಳಿದಿದ್ದೆ.

ಇದನ್ನು ಕಣ್ಣೀರಿಗಾಗಿ ಹೇಳುತ್ತಿಲ್ಲ. ಆ ಬೂಟು ಹಾಕಿಕೊಂಡೇ ಶಾಲೆ ಕಲಿತೆ, ಆಮೇಲೆ ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ಅದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ದುಡಿದು ಪಡೆದದ್ದು, ಯಾರೂ ದಾನ ಕೊಟ್ಟದ್ದಲ್ಲ. ಕೆನಡಾಕ್ಕೆ ಬಂದ ಮೇಲೆ ಇಲ್ಲಿಯ ಲೆಕ್ಕಕ್ಕೆ ಆ ಓದು ಸಾಲದು ಅಂದರು. ಸರಿ, ಮತ್ತೆ ಓದಿದೆ. ಈಗ ಬಣ್ಣ ತಯಾರಿಸುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಕೆಲಸ, ದೊಡ್ಡ ನಗರವೊಂದರ ಅಂಚಿನ ಊರು ಸ್ಟೌಫ್‌ವಿಲ್‌ನಲ್ಲಿ ಮನೆ. ಗಂಡ, ಮಗಳು, ನಾನು. ಅವ್ವನ ಆ ಬೂಟಿನ ಲೆಕ್ಕ ಮಾತ್ರ ನನ್ನ ಜೊತೆಗೆ ವಿಮಾನ ಹತ್ತಿ ಬಂದಿತ್ತು. ಮಗಳ ಚಳಿಗಾಲದ ಕೋಟಿಗೆ ಯಾವಾಗಲೂ ತೋಳು ಉದ್ದ. ಮಡಚಿ ಹಾಕಿಕೊಳ್ಳುವುದು ಅವಳಿಗೂ ರೂಢಿಯಾಗಿತ್ತು.

ಅದೇ ಲೆಕ್ಕದಲ್ಲಿ ನಾನು ಒಂದು ಬಂದೂಕು ಕೊಂಡೆ. ಹೇಳಬೇಕಾದದ್ದು ಅದನ್ನು.

ಮಗಳು ಇಲ್ಲಿಯ ಕೆಡೆಟ್ ತುಕಡಿಗೆ ಸೇರಿದ್ದಳು. ನಮ್ಮ ಕಡೆಯ ಎನ್‌ಸಿಸಿ ಇದ್ದ ಹಾಗೆ, ಸಮವಸ್ತ್ರ, ಕವಾಯತು, ಬೂಟು ಪಾಲಿಶು. ಅಲ್ಲಿ ಏರ್ ರೈಫಲ್ಲಿನಲ್ಲಿ ಗುರಿ ಹೊಡೆಯಲು ಕಲಿಸುತ್ತಿದ್ದರು. ಒಂದು ಸಂಜೆ ಅವಳು ತೂತು ಬಿದ್ದ ಗುರಿ ಹಾಳೆಯೊಂದನ್ನು ಅಡುಗೆಮನೆಗೆ ತಂದು ನನ್ನ ಮುಂದೆ ಹಿಡಿದಳು. ಐದೂ ತೂತು ಒಂದು ಹುಣಸೆಬೀಜದಷ್ಟು ಜಾಗದಲ್ಲಿದ್ದವು. ಹದಿನೈದು ವರ್ಷದ ಹುಡುಗಿ, ಮನೆಯಲ್ಲಿ ಮಾತೇ ಕಡಿಮೆ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಅರ್ಧ ಉತ್ತರ. ಆ ದಿನ ಮಾತ್ರ ತಾನಾಗಿ ಬಂದು ನಿಂತಿದ್ದಳು.

“ಮಮ್ಮಿ, ಡೂ ಯು ನೋ ಹೌ ಹಾರ್ಡ್ ದಿಸ್ ಈಸ್?”

“ಗೊತ್ತೈತಿ,” ಅಂದೆ. “ನಾನೂ ಹೊಡದೀನಿ.”

ಅವಳು ನಂಬಲಿಲ್ಲ. ಕಾಲೇಜಿನಲ್ಲಿ ನಾನು ಎನ್‌ಸಿಸಿಯಲ್ಲಿದ್ದೆ, ಕ್ಯಾಂಪಿನಲ್ಲಿ ಚಾಪೆಯ ಮೇಲೆ ಬೋರಲು ಮಲಗಿ ಪಾಯಿಂಟ್ ಟೂಟೂ ಬಂದೂಕಿನಲ್ಲಿ ಗುಂಡು ಹೊಡೆದಿದ್ದೆ, ಹವಾಲ್ದಾರರು “ಶಾಬಾಶ್” ಅಂದಿದ್ದರು ಎಂದೆಲ್ಲ ಹೇಳಿದೆ. ಅವಳು ಅಡುಗೆಕಟ್ಟೆಗೆ ಒರಗಿ ಕೇಳಿದಳು. ಫೋನು ನೋಡಲಿಲ್ಲ. ಆ ಒಂದು ಸಂಗತಿಯೇ ನನಗೆ ಸಾಕಾಯಿತು. ಮೂರು ವರ್ಷಕ್ಕೆ ಯೂನಿವರ್ಸಿಟಿಗೆ ಹೋಗುವ ಹುಡುಗಿ. ಅಷ್ಟರೊಳಗೆ ಅವಳೂ ನಾನೂ ಸೇರಿ ಮಾಡುವ ಕೆಲಸ ಒಂದಾದರೂ ಇರಬೇಕು ಅನ್ನಿಸುತ್ತಿತ್ತು. ಇದೇ ಅದು ಅಂದುಕೊಂಡೆ.

“ದೂರದ ಗುರಿ ಹೊಡೀಬೇಕು ಮಮ್ಮಿ. ಲೈಕ್, ರಿಯಲೀ ಫಾರ್,” ಅಂದಳು.

ಗಂಡ ಬೆಳಗಾವಿಯವರು. ಮೊದಲಿಗೆ ಹೌಹಾರಿದರು. “ಮನ್ಯಾಗ ಬಂದೂಕ? ಏನ, ಕಿತ್ತೂರಿನ ಮ್ಯಾಲೆ ದಂಡ ಬಂತೇನ?” ಅಂದರು. ಆದರೂ ಅಡ್ಡ ಬರಲಿಲ್ಲ. ನಾನು ಸುರಕ್ಷತೆಯ ತರಗತಿಗೆ ಹೋಗಿ ಪರೀಕ್ಷೆ ಬರೆದೆ, ಲೈಸೆನ್ಸು ಬಂತು. ಮಗಳಿಗೆ ಹದಿನೆಂಟು ತುಂಬದವರಿಗೆ ಕೊಡುವ ಬೇರೆ ಲೈಸೆನ್ಸು. ಬೇಸ್‌ಮೆಂಟಿನಲ್ಲಿ ಬೀಗದ ಕಬ್ಬಿಣದ ಕಪಾಟು ಕೂರಿಸಿದೆವು. ತೋಟಾಗಳಿಗೆ ಬೇರೆ ಪೆಟ್ಟಿಗೆ, ಬೇರೆ ಬೀಗ. ಎಲ್ಲ ಆಯಿತು. ಉಳಿದದ್ದು ಒಂದೇ ಪ್ರಶ್ನೆ. ಯಾವ ಕ್ಯಾಲಿಬರು?

ಗೊತ್ತಿಲ್ಲದವರಿಗಾಗಿ ಒಂದು ಮಾತು. ಕ್ಯಾಲಿಬರು ಅಂದರೆ ಗುಂಡಿನ ಅಡ್ಡಳತೆ. ಗುಂಡು ಇಂಥ ನಂಬರಿನದ್ದಾದರೆ ಅದರ ಹಿಂದಿನ ಮದ್ದು ಇಷ್ಟು, ಅದು ಹಾರುವ ದೂರ ಇಷ್ಟು, ಹೆಗಲಿಗೆ ಬೀಳುವ ಒದೆ ಇಷ್ಟು ಅಂತ ಒಂದಕ್ಕೊಂದು ಗಂಟು ಬಿದ್ದಿರುತ್ತದೆ. ಎನ್‌ಸಿಸಿಯಲ್ಲಿ ನಮ್ಮನ್ನು ಯಾರೂ ಕೇಳಿರಲಿಲ್ಲ, ಕೊಟ್ಟದ್ದನ್ನು ಹೊಡೆದಿದ್ದೆವು. ಇಲ್ಲಿ ಆರಿಸಿಕೊಳ್ಳಬೇಕು. ನಾನು ಆರಿಸಿಕೊಳ್ಳುವ ಮೊದಲು ಓದುವವಳು. ಪರೀಕ್ಷೆಗೆ ಓದಿದ ಹಾಗೆ ಓದಿದೆ. ಇಷ್ಟು ದೂರಕ್ಕೆ ಯಾವ ಗುಂಡು ಎಷ್ಟು ಕೆಳಗೆ ಬೀಳುತ್ತದೆ, ಪಕ್ಕದ ಗಾಳಿಗೆ ಎಷ್ಟು ಸರಿಯುತ್ತದೆ ಎನ್ನುವ ಕೋಷ್ಟಕಗಳನ್ನು ಬಸ್ಸಿನಲ್ಲಿ, ಲ್ಯಾಬಿನ ಊಟದ ಹೊತ್ತಿನಲ್ಲಿ ನೋಡಿದೆ.

ಸಲಹೆ ಕೊಡಲು ಒಬ್ಬರಿದ್ದರು. ನಗರದ ಇನ್ನೊಂದು ಬದಿಯ ಬಡಾವಣೆ ಎರಿನ್ ಮಿಲ್ಸ್‌ನಲ್ಲಿ ಹಲ್ಲಿನ ಡಾಕ್ಟರು, ಉಡುಪಿ ಕಡೆಯವರು, ಮನೆಮಾತು ತುಳು. ಕನ್ನಡದವರ ಪಿಕ್ನಿಕ್ಕಿನಲ್ಲಿ ಪರಿಚಯವಾಗಿತ್ತು. ವರ್ಷಗಳಿಂದ ಗುರಿ ಹೊಡೆಯುವ ಹುಚ್ಚು ಅವರಿಗೆ. ನಗರದಿಂದ ಉತ್ತರಕ್ಕಿರುವ ಕ್ಲಬ್ಬೊಂದರ ಸದಸ್ಯರು. ನಾವು ಸೇರಿದ್ದೂ ಅಲ್ಲಿಗೇ. ನನಗಿಂತ ಚಿಕ್ಕವರಾದ್ದರಿಂದ ನನ್ನನ್ನು ಅಕ್ಕ ಅನ್ನುತ್ತಿದ್ದರು.

“ಅಕ್ಕ, ಕಲಿಯುವವರಿಗೆ ಟೂ ಟ್ವೆಂಟಿ ತ್ರೀ ಸಾಕು,” ಅಂದರು ಫೋನಿನಲ್ಲಿ. “ಸಣ್ಣ ಗುಂಡು, ಒದೆಯೇ ಇಲ್ಲ ಅಂತ ಹೇಳ್ಬಹುದು. ಐನೂರು ಮೀಟರಿಗೆ ಆರಾಮ ಹೋಗ್ತದೆ.”

“ಅದಕ್ಕಿಂತ ದೂರ ಹೋಗಬೇಕಂದ್ರ?”

“ಆಗ ಆರೂವರೆ ಮಿಲಿಮೀಟರ್ ಉಂಟು. ಈಗ ಎಲ್ಲರೂ ಅದರ ಹಿಂದೆಯೇ. ನನ್ನದೂ ಅದೇ.”

“ಅದರ ಮ್ಯಾಲೆ?”

“ತ್ರೀ ನಾಟ್ ಎಯ್ಟ್.”

“ಅದರ ಮ್ಯಾಲೆ?”

“ಅದರ ಮೇಲೆ ತ್ರೀ ಹಂಡ್ರೆಡ್ ಮ್ಯಾಗ್ನಮ್ಮು. ನಂಬರು ನೋಡ್ಬೇಡಿ, ಅದರಲ್ಲಿ ಮದ್ದು ತುಂಬಾ ಜಾಸ್ತಿ. ನಿಮಗೆಂತ ಅಕ್ಕ, ಮೂಸ್ ಹೊಡೀಲಿಕ್ಕುಂಟಾ?”

ಮೂಸ್ ಅಂದರೆ ಇಲ್ಲಿಯ ಕಾಡಿನ, ಕುದುರೆಗಿಂತ ದೊಡ್ಡ ಜಿಂಕೆ. ನಾನು ನಕ್ಕೆ. ಆದರೆ ನನ್ನ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಈಗ ಸಣ್ಣದು ಕೊಂಡರೆ ನಾಳೆ ಅವಳ ಕೈ ಪಳಗಿದ ಮೇಲೆ ದೊಡ್ಡದು ಬೇಕಾಗುತ್ತದೆ. ಎರಡೆರಡು ಸಲ ಯಾಕೆ? ಕೋಷ್ಟಕದ ಪ್ರಕಾರ ಮ್ಯಾಗ್ನಮ್ಮಿನ ಗುಂಡು ಗಾಳಿಗೆ ಕಡಿಮೆ ಸರಿಯುತ್ತದೆ, ಸಾವಿರ ಮೀಟರಿನಲ್ಲೂ ಅದಕ್ಕೆ ದಮ್ಮಿರುತ್ತದೆ. ಕಲಿಯುವವರಿಗೆ ಗಾಳಿಯ ಕಾಟ ಕಡಿಮೆಯಾದರೆ ಒಳ್ಳೆಯದೇ ಅಲ್ಲವೇ? ಒಂದೇ ಬಂದೂಕು, ಅವಳ ಜೀವಮಾನಕ್ಕೆ ಸಾಕು. ಓದಿದವಳ ತರ್ಕ ಅದು. ಅಡಿಯಲ್ಲಿದ್ದದ್ದು ಮಾತ್ರ ದುರ್ಗದಬೈಲಿನ ಬೂಟಿನಂಗಡಿ. ಆಗ ನನಗೆ ಹಾಗೆ ಕಾಣಲಿಲ್ಲ.

ಬಂದೂಕಿನ ಅಂಗಡಿಯವರು ನಿಧಾನಸ್ಥರು, ಗಡ್ಡ ಬೆಳ್ಳಗಾದವರು. ಯಾರು ಹೊಡೆಯುತ್ತೀರಿ ಎಂದು ಕೇಳಿದರು. ನಾವಿಬ್ಬರೂ ಎಂದೆ. ಮಗಳನ್ನು ಒಮ್ಮೆ ನೋಡಿದರು, ಮ್ಯಾಗ್ನಮ್ಮನ್ನು ಒಮ್ಮೆ ನೋಡಿದರು, ಇದು ಕಲಿಯುವವರಿಗೆ ಸ್ವಲ್ಪ ಹೆಚ್ಚಾಯಿತಲ್ಲ ಎಂದರು. ಅವಳು ಬೆಳೆಯುತ್ತಾಳೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಮಗಳು ಬಂದೂಕನ್ನು ಹೆಗಲಿಗೆ ಆನಿಸಿದಾಗ ಅದರ ಮೇಲೆ ಕೂರಿಸಿದ್ದ ದುರ್ಬೀನಿಗೆ ಕಣ್ಣು ಮುಟ್ಟಲು ಕತ್ತು ಮುಂದೆ ಚಾಚಬೇಕಾಯಿತು.

“ಹೆಂಗೈತಿ?” ಅಂದೆ.

“ಇಟ್ಸ್ ಫೈನ್, ಮಮ್ಮಿ.”

ಮನೆಗೆ ತಂದಾಗ ಗಂಡ ಪೆಟ್ಟಿಗೆಯ ಉದ್ದ ನೋಡಿ, “ಮೂರು ಮಂದಿ ಮನಿಗೆ ಮದವಿ ಮನಿ ಕಡಾಯಿ ತಂದಂಗಾತಲ್ಲ,” ಅಂದರು. “ಉಪ್ಪಿಟ್ಟು ಮಾಡಾಕ ಹೋದ್ರ ತಳದಾಗ ಕಾಣೂದಿಲ್ಲ.”

“ನಿಮಗ ಏನ್ ತಿಳೀತೈತ್ರಿ ಇದರಾಗ?” ಅಂದು ಅವರ ಬಾಯಿ ಮುಚ್ಚಿಸಿದೆ.

ಆ ಬೇಸಿಗೆ, ಅದು 2017ರದು, ಹೆಚ್ಚುಕಡಿಮೆ ಪ್ರತಿ ಭಾನುವಾರ ಕ್ಲಬ್ಬಿಗೆ ಹೋಗುತ್ತಿದ್ದೆವು. ಬೆಳಿಗ್ಗೆ ಚಪಾತಿ ಸುತ್ತಿಕೊಂಡು, ಶೇಂಗಾ ಚಟ್ನಿಯ ಡಬ್ಬಿ ಇಟ್ಟುಕೊಂಡು ಹೊರಟರೆ ಮನೆಗಳು ಮುಗಿದು ಜೋಳದ ಹೊಲಗಳು ಶುರುವಾಗುತ್ತಿದ್ದವು. ನಮ್ಮ ಜೋಳವಲ್ಲ, ಇಲ್ಲಿಯವರು ದನಕ್ಕೆ ಹಾಕುವ ಮೆಕ್ಕೆಜೋಳ. ಕ್ಲಬ್ಬಿನಲ್ಲಿ ಕೆಂಪು ಬಾವುಟ ಏರಿದ ಮೇಲೆ ಕಿವಿಗೆ ಸದ್ದು ತಡೆಯುವ ಮಫ್ ಹಾಕಿಕೊಂಡು ಚಾಪೆಯ ಮೇಲೆ ಮಲಗುವುದು. ಮೊದಲ ಭಾನುವಾರ ಮೊದಲ ಗುಂಡು ನಾನೇ ಹೊಡೆದೆ. ಹೇಳಬಾರದೇಕೆ, ಎಮ್ಮೆ ಹಾಯ್ದ ಹಾಗಾಯಿತು. ಹಲ್ಲು ಕಚ್ಚಿಕೊಂಡು, “ಏನೂ ಆಗೂದಿಲ್ಲ, ರೂಢಿ ಆಗ್ತೈತಿ,” ಅಂದು ಮಗಳಿಗೆ ಜಾಗ ಬಿಟ್ಟೆ.

ಅವಳು ಹೊಡೆದಳು. ಹೆಗಲು ಹಿಂದಕ್ಕೆ ಸರಿಯಿತು. ಮತ್ತೆ ಹೊಡೆದಳು. ನೂರು ಮೀಟರಿನ ಗುರಿಯಲ್ಲಿ ಮೊದಲ ದಿನದ ತೂತುಗಳು ಒಂದು ಅಂಗೈಯಲ್ಲಿ ಮುಚ್ಚುವಷ್ಟು ಹತ್ತಿರವಿದ್ದವು. ನನಗೆ ಬಹಳ ಹೆಮ್ಮೆಯಾಯಿತು. ಸೆಪ್ಟೆಂಬರಿನಲ್ಲಿ ಕ್ಲಬ್ಬಿನವರು ಹೊಸಬರಿಗೆಂದೇ ಐನೂರು ಮೀಟರಿನ ಸ್ಪರ್ಧೆ ಇಡುತ್ತಾರೆ ಎಂದು ಡಾಕ್ಟರು ಹೇಳಿದ್ದರು. ಮಗಳು ಅವತ್ತೇ ಹೆಸರು ಕೊಟ್ಟಳು. ಕೆಡೆಟ್ ಗೆಳತಿಯರಿಗೆಲ್ಲ ಹೇಳಿಕೊಂಡಳು. ಕಾರಿನಲ್ಲಿ ಬರುವಾಗ ದಾರಿಯುದ್ದ ಗಾಳಿಯ ಬಗ್ಗೆ, ದುರ್ಬೀನಿನ ಬಗ್ಗೆ ಮಾತು. ಅವಳ ಇಂಗ್ಲಿಷು, ನನ್ನ ಹುಬ್ಬಳ್ಳಿ ಕನ್ನಡ, ಎರಡೂ ಸಲೀಸಾಗಿ ಹೋಗುತ್ತಿದ್ದವು.

ಆಮೇಲೆ ಏನೋ ಕೆಟ್ಟಿತು. ವಾರ ಕಳೆದಂತೆ ಕೈ ಪಳಗಬೇಕು. ಅವಳ ತೂತುಗಳು ಹರಡುತ್ತ ಹೋದವು. ಅಂಗೈ ಹೋಗಿ ಊಟದ ತಾಟಿನಷ್ಟಾಯಿತು. ಒಮ್ಮೊಮ್ಮೆ ಹಾಳೆಯನ್ನೇ ತಪ್ಪಿ ಹಿಂದಿನ ಮಣ್ಣಿನ ದಿಬ್ಬದಲ್ಲಿ ಧೂಳು ಏಳುತ್ತಿತ್ತು, ಯಾವಾಗಲೂ ಎಡಕ್ಕೆ, ಕೆಳಕ್ಕೆ. ನಾನು ನನ್ನ ಓದು ತೆಗೆದೆ. ಉಸಿರು ಹಿಡಿಯುವುದು ತಪ್ಪಿರಬೇಕು, ಮೊಣಕೈ ಸರಿಯಿಲ್ಲವೇನೋ, ದುರ್ಬೀನು ಸಡಿಲವಾಗಿರಬೇಕು. ದುರ್ಬೀನಿನ ತಿರುಪುಗಳನ್ನು ಬಿಗಿದೆ. “ಇನ್ನೂ ಹೆಚ್ಚು ಹೊಡೀಬೇಕವಾ, ಅಭ್ಯಾಸ ಸಾಲದು,” ಅಂದೆ. ಕಷ್ಟಪಟ್ಟರೆ ಬರದ ವಿದ್ಯೆಯಿಲ್ಲ ಎನ್ನುವುದು ನನ್ನ ಜೀವನದ ಪಾಠವಾಗಿತ್ತು. ಅದನ್ನೇ ಅವಳಿಗೂ ಬಡಿಸಿದೆ. ಅವಳು ಇನ್ನೂ ಹೆಚ್ಚು ಹೊಡೆದಳು. ತೂತು ಇನ್ನೂ ಹರಡಿತು.

ಆಗಸ್ಟಿನ ಒಂದು ಶನಿವಾರ ನಾನು ಚಪಾತಿ ಹಿಟ್ಟು ನಾದುತ್ತಿದ್ದಾಗ ಬಾಗಿಲಲ್ಲಿ ನಿಂತು ಹೇಳಿದಳು. “ಮಮ್ಮಿ, ಐ ಡೋಂಟ್ ಥಿಂಕ್ ಐಯಾಮ್ ಗುಡ್ ಅಟ್ ದಿಸ್. ಮೇಬಿ ಐ ವೋಂಟ್ ಡೂ ಸೆಪ್ಟೆಂಬರ್.”

“ಯಾಕವಾ?”

“ಬ್ಯಾಡ್ಮಿಂಟನ್‌ಗೆ ಹೋಗ್ತೀನಿ. ಇಟ್ಸ್ ಓಕೆ.” ಅಷ್ಟು ಹೇಳಿ ಕೈಯಲ್ಲಿದ್ದ ಫೋನನ್ನು ನೋಡತೊಡಗಿದಳು.

ಫೋನಿಗೆ ಬಾಗಿದ ಆ ತಲೆ ನನಗೆ ಗೊತ್ತಿತ್ತು. ಬೇಸಿಗೆಗೂ ಮುಂಚಿನ ತಲೆ ಅದು. ಹಿಟ್ಟಿನ ಕೈಯಲ್ಲೇ ಬೇಡಿಕೊಂಡೆ. “ನಾಳೆ ಒಂದ್ ದಿನ ಬಾ. ಡಾಕ್ಟರಿಗೆ ತೋರಿಸೂಣು. ಆಮ್ಯಾಲೆ ನಿನ್ನ ಇಷ್ಟ.” ಅವಳು ಹೂಂ ಅಂದಳು, ನನ್ನ ಸಲುವಾಗಿ.

ಮರುದಿನ ಡಾಕ್ಟರು ತಮ್ಮ ಬಂದೂಕನ್ನು ಬದಿಗಿಟ್ಟು ಅವಳ ಪಕ್ಕ ಕುಳಿತರು. ಅವಳು ಹೊಡೆಯುವಾಗ ಗುರಿಯ ಕಡೆ ನೋಡಲೇ ಇಲ್ಲ. ಅವಳ ಮುಖವನ್ನೇ ನೋಡಿದರು. ಎರಡು ಗುಂಡಾದ ಮೇಲೆ ನನ್ನ ಕಡೆ ತಿರುಗಿದರು.

“ಅಕ್ಕ, ಇದು ನನಗೆ ದಿನಾ ಕ್ಲಿನಿಕ್ಕಿನಲ್ಲಿ ಕಾಣ್ತದೆ. ಸೂಜಿ ಇನ್ನೂ ನನ್ನ ಕೈಯಲ್ಲೇ ಇರ್ತದೆ, ಪೇಶೆಂಟು ಕಣ್ಣು ಮುಚ್ಚಿ ಆಗಿರ್ತದೆ.”

ಆಮೇಲೆ ಮಗಳಿಗೆ ಆಟವೊಂದನ್ನು ಹೇಳಿಕೊಟ್ಟರು. ಅವಳು ಬೇರೆ ಕಡೆ ನೋಡಬೇಕು. ಅವರು ಬಂದೂಕಿಗೆ ತೋಟಾ ಹಾಕುತ್ತಾರೆ; ಒಮ್ಮೆ ನಿಜವಾದದ್ದು, ಒಮ್ಮೆ ಮದ್ದೇ ಇಲ್ಲದ ಡಮ್ಮಿ. ಯಾವುದು ಎಂದು ಹೊಡೆಯುವವರಿಗೆ ಗೊತ್ತಿರುವುದಿಲ್ಲ. ಮೊದಲನೆಯದು ನಿಜವಾದದ್ದು, ಢಂ ಅಂತು. ಎರಡನೆಯದಕ್ಕೆ ಅವಳು ಬಂದೂಕಿನ ಕುದುರೆ, ಅಂದರೆ ಟ್ರಿಗರು, ಎಳೆದಳು. ಟಿಕ್ ಎಂದಷ್ಟೇ ಸದ್ದು. ಒದೆಯಿಲ್ಲ, ಹೊಗೆಯಿಲ್ಲ, ಏನೂ ಇಲ್ಲ. ಆದರೂ ನಳಿಗೆಯ ತುದಿ ಗಕ್ಕನೆ ಎಡಕ್ಕೆ ಕೆಳಕ್ಕೆ ಕುಕ್ಕಿತು, ಹೆಗಲು ಮುಂದಕ್ಕೆ ಬಂತು, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡವು. ಬಾರದ ಒದೆಗೆ ಅವಳ ಮೈಯೆಲ್ಲ ಸಜ್ಜಾಗಿ ಕೂತಿತ್ತು.

ಅವಳು ನಿಧಾನವಾಗಿ ಕಣ್ಣು ತೆರೆದು ನಮ್ಮನ್ನು ನೋಡಿದಳು. ಮುಖ ಕೆಂಪಾಗಿತ್ತು. “ಐ ಡಿಡಂಟ್ ನೋ ಐ ವಾಸ್ ಡೂಯಿಂಗ್ ದಟ್.”

“ಯಾರಿಗೂ ಗೊತ್ತಾಗುದಿಲ್ಲ ಮಾರಾಯ್ತಿ,” ಅಂದರು ಡಾಕ್ಟರು. “ಅದು ಕಲಿಯದವರ ತಪ್ಪಲ್ಲ, ಪೆಟ್ಟು ತಿಂದವರ ಬುದ್ಧಿ.”

ಅವಳು ಎದ್ದು ಬಟ್ಟೆ ಝಾಡಿಸಿಕೊಂಡು ನನ್ನ ಕಡೆ ಕೈ ತೋರಿಸಿದಳು. “ನೌ ಮಮ್ಮಿ.”

“ನನಗ್ಯಾಕ? ನನಗ ಎನ್‌ಸಿಸಿ ಟ್ರೇನಿಂಗ್ ಐತಿ.”

“ಹೌದು ಹೌದು, ಬನ್ನಿ ಹವಾಲ್ದಾರರೇ,” ಅಂದರು ಡಾಕ್ಟರು.

ಮಲಗಿದೆ. ಉಸಿರು ಬಿಟ್ಟೆ. ಏನೇ ಆದರೂ ಅಲುಗಾಡಬಾರದು ಅಂತ ಮನಸ್ಸು ಗಟ್ಟಿ ಮಾಡಿ ಕುದುರೆ ಎಳೆದೆ. ಟಿಕ್. ದುರ್ಬೀನಿನೊಳಗಿಂದ ಗುರಿ ಮಾಯವಾಗಿ ಹುಲ್ಲು ಕಾಣಿಸಿತು. ಹಿಂದಿನಿಂದ ಮಗಳು ನಕ್ಕಳು. ಬಹಳ ವಾರಗಳ ಮೇಲೆ ಕೇಳಿದ ನಗು ಅದು. ನನಗೂ ತಡೆಯಲಾಗದೆ ಚಾಪೆಯ ಮೇಲೆಯೇ ಬೋರಲು ಬಿದ್ದು ನಕ್ಕೆ. ಪಕ್ಕದ ಚಾಪೆಯವರು ಮಫ್ ತೆಗೆದು, ಇವರಿಗೇನಾಯಿತು ಎನ್ನುವಂತೆ ನೋಡಿದರು.

ಹೊರಡುವ ಹೊತ್ತು. ಮಗಳು ಗುರಿ ಹೊಡೆಯುವಾಗ ಸೆಕೆಯಲ್ಲೂ ಬಿಡದೆ ಹಾಕಿಕೊಳ್ಳುತ್ತಿದ್ದ ಜಾಕೀಟು ಬಿಚ್ಚಿ ಕಾರಿನ ಹಿಂದೆ ಎಸೆದಾಗ ಅದರ ಬಲ ಹೆಗಲಿನಿಂದ ಏನೋ ಉರುಳಿ ನೆಲಕ್ಕೆ ಬಿತ್ತು. ಎತ್ತಿಕೊಂಡೆ. ಚಳಿಗಾಲದ ಉಣ್ಣೆಯ ಕಾಲುಚೀಲ, ಜೋಡಿಯನ್ನು ಚಪ್ಪಟೆಯಾಗಿ ಮಡಚಿ ಸೇಫ್ಟಿ ಪಿನ್ನು ಹಾಕಿದ್ದಳು. ಹೆಗಲಿನ ಕೆಳಗೆ, ಬಂದೂಕಿನ ಹಿಡಿ ಬಡಿಯುವ ಜಾಗಕ್ಕೆ ಸರಿಯಾಗಿ ತುರುಕಿಕೊಂಡಿದ್ದಳು.

ನಾನು ಅದನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟೆ. ಅದರ ಮೆತ್ತಗಿನ ಗಂಟು ಬೆರಳಿಗೆ ಹತ್ತಿದಾಗ ನನಗೆ ಕಾಲುಚೀಲ ಕಾಣಲಿಲ್ಲ. ಬೂಟಿನ ತುದಿಯೊಳಗಿನ ಪೇಪರಿನ ಮುದ್ದೆ ಕಂಡಿತು. ನಾನೂ ಹೀಗೇ ಅವ್ವನಿಗೆ ಏನೂ ಹೇಳಿರಲಿಲ್ಲ. ಪೇಪರು ಬೆರಳಿಗೆ ಒತ್ತಿ ಗಾಯವಾದಾಗಲೂ ಕೇಳಿದರೆ, “ಬರೋಬ್ಬರಿ ಐತಿ” ಅನ್ನುತ್ತಿದ್ದೆ. ಅವ್ವ ಹಾಗೆ ತುರುಕಿಕೊಟ್ಟದ್ದು ಪ್ರೀತಿಯಿಂದ, ನಾನು ಸಹಿಸಿದ್ದೂ ಪ್ರೀತಿಯಿಂದಲೇ. ಇವಳಿಗೆ ಪೇಪರು ತುರುಕಿಕೊಡಲು ಸಹ ಯಾರೂ ಇರಲಿಲ್ಲ, ತಾನೇ ಹುಡುಕಿಕೊಂಡಿದ್ದಳು.

ಕಾರು ಹೊಲಗಳ ನಡುವಿನ ರಸ್ತೆಗೆ ಬಂದ ಮೇಲೆ ಕೇಳಿದೆ. “ಎಂದಿಂದ ಹೆಗಲ ನೂಸಾಕತ್ತಿತ್ತು?”

“ಫ್ರಮ್ ದ ಫಸ್ಟ್ ಡೇ.”

“ಮತ್ತ ಯಾಕ ಹೇಳಲಿಲ್ಲ?”

ಕಿಟಕಿಯ ಹೊರಗೆ ನೋಡುತ್ತ ಹೇಳಿದಳು, ಈ ಸಲ ಕನ್ನಡದಲ್ಲಿ. “ನೀನು ಅಷ್ಟು ಓದಿ ತಂದಿಯಲ್ಲ. ಮತ್ತ ನೀನೇ ಹೇಳ್ತಿ, ವಿ ಡೋಂಟ್ ಬೈ ಥಿಂಗ್ಸ್ ಟ್ವೈಸ್. ನಾನು ಬೆಳದ್ರ ಸರಿ ಆಗ್ತದ ಅನ್ಕೊಂಡೆ.”

ನಾನು ಓದಿದ್ದು ಸುಳ್ಳಾಗಿರಲಿಲ್ಲ. ಕೋಷ್ಟಕದಲ್ಲಿ ಗಾಳಿಯ ಲೆಕ್ಕವಿತ್ತು, ದೂರದ ಲೆಕ್ಕವಿತ್ತು. ಹದಿನೈದರ ಹುಡುಗಿಯ ಹೆಗಲಿನ ಲೆಕ್ಕ ಅದರಲ್ಲಿರಲಿಲ್ಲ. ಸಾವಿರ ಮೀಟರಿನಲ್ಲಿ ಗುಂಡಿಗೆ ದಮ್ಮಿರಲಿ ಅಂತ ನೋಡಿದ್ದೆ. ನೂರು ಮೀಟರಿನಲ್ಲೇ ಅವಳ ದಮ್ಮು ಹೋಗಿತ್ತು.

ಮುಂದಿನ ವಾರ ಅದೇ ಅಂಗಡಿಗೆ ಹೋದೆವು. ಕೊಂಡ ವಸ್ತುವನ್ನು ವಾಪಸು ಹಿಡಿದುಕೊಂಡು ಅಂಗಡಿಯ ಮೆಟ್ಟಿಲು ಹತ್ತುವುದು ನನ್ನಂಥವಳಿಗೆ ಸುಲಭವಲ್ಲ. ಅವ್ವನ ಮುಖ ಕಣ್ಣ ಮುಂದೆ ಬಂತು. ಅಂಗಡಿಯವರು ನಾನು ಬಾಯಿ ತೆರೆಯುವ ಮೊದಲೇ ಗಡ್ಡದೊಳಗೆ ನಕ್ಕು, ಇದನ್ನು ಮಾರಿಕೊಡೋಣ ಬಿಡಿ, ಚಳಿಗಾಲ ಬರುವ ಮೊದಲು ಮೂಸ್ ಬೇಟೆಯವರು ಯಾರಾದರೂ ಬಂದೇ ಬರುತ್ತಾರೆ ಎಂದರು. ಚುಚ್ಚಲಿಲ್ಲ. ಅದಕ್ಕೆ ಇವತ್ತಿಗೂ ಅವರ ಮೇಲೆ ನನಗೆ ಗೌರವ.

ಟೂ ಟ್ವೆಂಟಿ ತ್ರೀ ತೆಗೆದುಕೊಟ್ಟರು. ಡಾಕ್ಟರು ಮೊದಲ ದಿನವೇ ಹೇಳಿದ್ದು ಅದನ್ನೇ. ಅದರ ಹಿಡಿಯ ಉದ್ದವನ್ನು ಹೊಡೆಯುವವರ ಕೈಗೆ ತಕ್ಕಂತೆ ಕಡಿಮೆ ಹೆಚ್ಚು ಮಾಡಬಹುದಿತ್ತು. ಮಗಳು ಹೆಗಲಿಗೆ ಆನಿಸಿದಳು. ಇನ್ನೂ ಸ್ವಲ್ಪ ಉದ್ದವಿತ್ತು. ಕತ್ತು ಎಳೆಯುತ್ತಿದ್ದುದು ನನಗೇ ಕಾಣುತ್ತಿತ್ತು.

“ಹೆಂಗೈತಿ?”

“ಇಟ್ಸ್ ಫೈನ್. ಐ’ಲ್ ಗ್ರೋ ಇಂಟೂ ಇಟ್.”

ರೂಢಿ ಎಷ್ಟು ಗಟ್ಟಿ ನೋಡಿ. ಹೆಗಲು ಕಂದಿಸಿಕೊಂಡ ಮೇಲೂ ಬಾಯಲ್ಲಿ ಅದೇ ಮಾತು. ನಾನು ಅವಳ ಎದುರು ಹೋಗಿ ನಿಂತೆ.

“ಬೆಳಿಯೂದು ಆಮ್ಯಾಲಿನ ಮಾತು. ಇವತ್ತಿಗೆ ಸರಿ ಐತೇನು, ಇಲ್ಲೇನು? ಅಷ್ಟ ಹೇಳು.”

ಅವಳು ನನ್ನನ್ನು ನೋಡಿದಳು. ಪರೀಕ್ಷೆಯ ಪ್ರಶ್ನೆ ಕೇಳಿದವರನ್ನು ನೋಡುವ ಹಾಗೆ. “ಇಲ್ಲ,” ಅಂದಳು. “ಉದ್ದ ಆಗ್ತದ.”

ಅಂಗಡಿಯವರು ಗುಂಡಿ ಒತ್ತಿ ಹಿಡಿಯನ್ನು ಒಳಕ್ಕೆ ಸರಿಸಿದರು. ಮತ್ತೆ ಆನಿಸಿದಳು. ಇನ್ನೂ ಸ್ವಲ್ಪ ಅಂದಳು. ಮತ್ತೆ ಸರಿಸಿದರು. ಮೂರನೆಯ ಸಲ ಕೆನ್ನೆ ತಾನಾಗಿ ಹೋಗಿ ಕೂರಬೇಕಾದಲ್ಲಿ ಕೂತಿತು, ಕತ್ತು ಸಡಿಲವಾಯಿತು. ಅವಳು ಆ ಭಂಗಿಯಲ್ಲೇ ಸ್ವಲ್ಪ ಹೊತ್ತು ನಿಂತಳು.

“ಹಾಂ,” ಅಂದಳು.

ಮನೆಯಲ್ಲಿ ಗಂಡ ಸಣ್ಣ ಪೆಟ್ಟಿಗೆಯನ್ನು ಎತ್ತಿ ನೋಡಿ, “ಉಪ್ಪಿಟ್ಟಿನ ಬುಟ್ಟಿ ಬಂತಲ್ಲಪಾ,” ಅಂದರು. ಉತ್ತರ ಕರ್ನಾಟಕದಲ್ಲಿ ಬುಟ್ಟಿ ಅಂದರೆ ಪಾತ್ರೆ. ಈ ಸಲ ನಾನು ಅವರ ಬಾಯಿ ಮುಚ್ಚಿಸಲಿಲ್ಲ. ಕಡಾಯಿಯ ಮಾತಾಡಿದ ದಿನವೇ ಅವರಿಗೆ ತಿಳಿದಿತ್ತು.

ಅಂಜಿದ ಮೈ ಒಂದೇ ದಿನದಲ್ಲಿ ಸರಿಹೋಗುವುದಿಲ್ಲ. ಉಳಿದ ಭಾನುವಾರಗಳಲ್ಲಿ ನಾವಿಬ್ಬರೂ ಡಮ್ಮಿ ತೋಟಾದ ಆಟ ಆಡಿದೆವು. ಅವಳಿಗೆ ನಾನು ಹಾಕಿಕೊಡುವುದು, ನನಗೆ ಅವಳು. ಅವಳು ನನಗೆ ಬರೀ ಡಮ್ಮಿಯನ್ನೇ ಹಾಕಿ ಹಾಕಿ ಸತಾಯಿಸಿದಳು. ಮೊದಮೊದಲು ಸಣ್ಣ ಬಂದೂಕಿನಲ್ಲೂ ಇಬ್ಬರ ನಳಿಗೆಯೂ ಕುಕ್ಕುತ್ತಿತ್ತು. ಆಮೇಲೆ ಒಮ್ಮೊಮ್ಮೆ. ನಾನಂತೂ ಪೂರ್ತಿ ಬಿಟ್ಟೆ ಅಂತ ಹೇಳಲಾರೆ.

ಸೆಪ್ಟೆಂಬರಿನ ಆ ದಿನ ಮೋಡವಿತ್ತು, ಎಡದಿಂದ ಬೀಸುವ ಗಾಳಿಯೂ ಇತ್ತು. ಸಣ್ಣ ಗುಂಡಿಗೆ ಆಗದ ಗಾಳಿ. ನನ್ನ ಕೋಷ್ಟಕ ಸರಿಯಾಗಿಯೇ ಹೇಳಿತ್ತು. ಐನೂರು ಮೀಟರಿನಲ್ಲಿ ಅವಳ ಮೊದಲ ಗುಂಡು ಗುರಿಯ ಬಲಕ್ಕೆ ಹೊರಗೇ ಹೋಗಿ ಮಣ್ಣಿನಲ್ಲಿ ಬಿತ್ತು. ದೊಡ್ಡದಿದ್ದರೆ ಇಷ್ಟು ಸರಿಯುತ್ತಿರಲಿಲ್ಲವಲ್ಲ ಎನ್ನುವ ಮಾತು ತಲೆಯಲ್ಲಿ ಬಂದೇ ಬಂತು. ಸುಳ್ಳು ಯಾಕೆ ಹೇಳಲಿ? ಆದರೆ ಅವಳು ತಲೆಯೆತ್ತಿ ಬಾವುಟ ನೋಡಿದಳು, ಹುಲ್ಲು ಬಾಗುವುದನ್ನು ನೋಡಿದಳು, ದುರ್ಬೀನಿನ ಪಕ್ಕದ ತಿರುಗುಗುಂಡಿಯನ್ನು ಎಡಕ್ಕೆ ಅಷ್ಟಿಷ್ಟು ತಿರುಗಿಸಿ ಮತ್ತೆ ಕೆನ್ನೆ ಆನಿಸಿದಳು. ಗಾಳಿಯ ಕಾಟ ತಪ್ಪಿಸಬೇಕೆಂದು ನಾನು ಅಷ್ಟೆಲ್ಲ ಮಾಡಿದ್ದೆ. ಅವಳು ಆ ಗಾಳಿಯನ್ನೇ ಓದುತ್ತಿದ್ದಳು.

ನನ್ನ ಕೆಲಸ ಪಕ್ಕದಲ್ಲಿ ಮಲಗಿ ದೊಡ್ಡ ದುರ್ಬೀನಿನಲ್ಲಿ ಗುರಿ ನೋಡಿ, ಗುಂಡು ಎಲ್ಲಿ ಬಿತ್ತು ಎಂದು ಹೇಳುವುದು. ಎರಡನೆಯ ಗುಂಡಿಗೆ ನಾನು ಗುರಿ ನೋಡಲಿಲ್ಲ. ಡಾಕ್ಟರು ಮಾಡಿದ ಹಾಗೆ ಅವಳ ಮುಖ ನೋಡಿದೆ. ಬೆರಳು ಬಾಗಿತು. ಢಂ ಅಂತು. ಹಣೆಯ ಮೇಲಿನ ಕೂದಲು ಅಲ್ಲಾಡಿತು.

ಕಣ್ಣು ತೆರೆದೇ ಇತ್ತು.

“ಮಮ್ಮಿ! ಎಲ್ಲಿ ಬಿತ್ತು?”

“ನೋಡಲಿಲ್ಲವಾ,” ಅಂದೆ.

“ಮಮ್ಮೀ! ಯು ಹ್ಯಾಡ್ ಒನ್ ಜಾಬ್!”

“ಇನ್ನೊಂದ್ ಹೊಡಿ,” ಅಂದೆ. “ಈ ಸಲ ನೋಡ್ತೀನಿ.”